ಪೇಟೆಯ ದಿಕ್ಕು ತಿಳಿಯಲು ಮೊದಲು ಯಾವ ಗೆರೆ ನೋಡಬೇಕು?

ಷೇರುಪೇಟೆಗೆ ಹೊಸದಾಗಿ ಬಂದವರ ಚಾರ್ಟ್‌ನಲ್ಲಿ ಐದಾರು ಇಂಡಿಕೇಟರ್‌ಗಳು (ಬೆಲೆಗಳ ಲೆಕ್ಕದಿಂದ ಮೂಡುವ ಸೂಚಕ ಗೆರೆಗಳು) ಒಂದರ ಮೇಲೊಂದು ತುಂಬಿರುತ್ತವೆ. ಒಂದು ಕೊಳ್ಳಿ ಎನ್ನುತ್ತದೆ, ಇನ್ನೊಂದು ಮಾರಿ ಎನ್ನುತ್ತದೆ. 50 ದೊಡ್ಡ ಕಂಪನಿಗಳ ಷೇರು ಸೂಚ್ಯಂಕವಾದ ನಿಫ್ಟಿಯ ದಿಕ್ಕು ಅಂದಾಜು ಮಾಡಲು ಎರಡೇ ಸಾಕು. ಆದರೆ ಯಾವುದನ್ನು ಮೊದಲು ನೋಡುತ್ತೀರಿ ಎನ್ನುವುದು ಮುಖ್ಯ.

ನಿಫ್ಟಿ 50ರ ಡೈಲಿ ಚಾರ್ಟ್, ಅಂದರೆ ದಿನಕ್ಕೊಂದು ಗುರುತು ಇರುವ ಚಾರ್ಟ್ ತೆರೆಯಿರಿ. ಐದು ನಿಮಿಷದ ಚಾರ್ಟ್ ಬೇಡ, ಅದರಲ್ಲಿ ಸುಮ್ನೆ ಏರಿಳಿತ ಜಾಸ್ತಿ. ಇಂಡಿಕೇಟರ್ ಪಟ್ಟಿಯಲ್ಲಿ ಸಿಂಪಲ್ ಮೂವಿಂಗ್ ಆವರೇಜ್ ಆರಿಸಿ, ಅವಧಿ 200 ಎಂದು ಕೊಡಿ. ಕಳೆದ 200 ವಹಿವಾಟು ದಿನಗಳ ಮುಕ್ತಾಯದ ಮಟ್ಟಗಳ ಸರಾಸರಿ ಇದು. ಸೂಚ್ಯಂಕ ಈ ಗೆರೆಗಿಂತ ಮೇಲಿದ್ದು, ಗೆರೆಯೂ ಏರುತ್ತಿದ್ದರೆ ಪೇಟೆ ಏರುಮುಖ. ಎರಡೂ ಉಲ್ಟಾ ಇದ್ದರೆ ಇಳಿಮುಖ. ಗೆರೆ ಸಪಾಟಾಗಿದ್ದರೆ ಕಾಯುವುದೇ ವಾಸಿ.

ಇದು ಗೊತ್ತಾದ ಮೇಲೆಯೇ ಆರ್‌ಎಸ್‌ಐ (ರಿಲೇಟಿವ್ ಸ್ಟ್ರೆಂತ್ ಇಂಡೆಕ್ಸ್) ಹಾಕಿ. ಏರಿಕೆ, ಇಳಿಕೆಗಳಲ್ಲಿ ಯಾವುದರ ಬಲ ಹೆಚ್ಚು ಎಂದು 0ಯಿಂದ 100ರೊಳಗೆ ತೋರಿಸುತ್ತದೆ. ವೆಲ್ಸ್ ವೈಲ್ಡರ್ 1978ರಲ್ಲಿ ಪರಿಚಯಿಸಿದ ಅಳತೆ ಇದು. ಸಾಮಾನ್ಯವಾಗಿ ಅವಧಿ 14 ದಿನ. ಈ ಅವಧಿಯಲ್ಲಿ ದಿನದ ಏರಿಕೆಯ ಸರಾಸರಿ 60 ಅಂಶ, ಇಳಿಕೆಯ ಸರಾಸರಿ 20 ಅಂಶ ಅಂದುಕೊಳ್ಳಿ. 60ನ್ನು 20ರಿಂದ ಭಾಗಿಸಿದರೆ 3. ಇದಕ್ಕೆ 1 ಸೇರಿಸಿ, 100ನ್ನು ಆ 4ರಿಂದ ಭಾಗಿಸಿದರೆ 25. ಅದನ್ನು 100ರಲ್ಲಿ ಕಳೆದರೆ ಆರ್‌ಎಸ್‌ಐ 75. ಇದು 70 ದಾಟಿದರೆ ಕೊಳ್ಳುವಿಕೆ ಅತಿಯಾಗಿದೆ, 30ಕ್ಕಿಂತ ಇಳಿದರೆ ಮಾರಾಟ ಅತಿಯಾಗಿದೆ ಎನ್ನುವುದು ರೂಢಿ.

ಎಡವುವುದು ಇಲ್ಲೇ. 2020ರ ಮಾರ್ಚ್ 9ರಂದು ನಿಫ್ಟಿ 10,451ಕ್ಕೆ ಮುಗಿದಾಗ ಆರ್‌ಎಸ್‌ಐ 30ಕ್ಕಿಂತ ಕೆಳಗಿತ್ತು. ಅದೊಂದನ್ನೇ ನೋಡಿದವರಿಗೆ ಅಗ್ಗಕ್ಕೆ ಸಿಕ್ಕಿತು ಅನ್ನಿಸುವುದು ಸಹಜ, ಅಲ್ವಾ? ಆದರೆ ಸೂಚ್ಯಂಕ ಅಷ್ಟರಲ್ಲಾಗಲೇ 200 ದಿನಗಳ ಗೆರೆಯ ಕೆಳಗೆ ಬಿದ್ದಿತ್ತು. ಮಾರ್ಚ್ 23ಕ್ಕೆ ಅದು 7,610ಕ್ಕೆ ಕುಸಿಯಿತು. ಇಳಿಮುಖದ ಪೇಟೆಯಲ್ಲಿ ಆರ್‌ಎಸ್‌ಐ ವಾರಗಟ್ಟಲೆ ಕೆಳಗೇ ಉಳಿಯಬಹುದು. ಏರುಮುಖದಲ್ಲಿ 70ರ ಮೇಲೆಯೂ ಹಾಗೆಯೇ ನಿಲ್ಲಬಹುದು. ಹಾಗಾಗಿ 30 ಕಂಡ ತಕ್ಷಣ ಕೊಳ್ಳಬೇಡಿ. ಗೆರೆಯ ಮೇಲಿನ ಪೇಟೆಯಲ್ಲಿ ಆರ್‌ಎಸ್‌ಐ 40ರ ಆಸುಪಾಸಿಗೆ ಇಳಿದು ಮತ್ತೆ ಏರತೊಡಗಿದರೆ, ಆ ಸೂಚನೆಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

200 ದಿನಗಳ ಗೆರೆ ತಡವಾಗಿ ತಿರುಗುತ್ತದೆ. 2020ರ ಜುಲೈನಲ್ಲಿ ನಿಫ್ಟಿ ಮತ್ತೆ ಅದರ ಮೇಲೆ ಬಂದಾಗ ಸೂಚ್ಯಂಕ ಆಗಲೇ 11,000ದ ಹತ್ತಿರವಿತ್ತು. ತಳದಲ್ಲೇ ಕೊಳ್ಳಬೇಕು ಎನ್ನುವವರಿಗೆ ಇದು ಹೊಂದುವುದಿಲ್ಲ.

ಮಧ್ಯಾಹ್ನ 3.30ಕ್ಕೆ ವಹಿವಾಟು ಮುಗಿದ ಮೇಲೆಯೇ ಎರಡನ್ನೂ ನೋಡಿ. ದಿನದ ನಡುವೆ ಸೂಚ್ಯಂಕ ಗೆರೆಯ ಕೆಳಗೆ ಇಳಿದರೂ ಕೊನೆಗೆ ಅದರ ಮೇಲಕ್ಕೇ ಮುಗಿಯುವುದುಂಟು.