ಆಲ್ಪ್ಸ್‌ನಲ್ಲಿ ಕಾರು ಪ್ರವಾಸ: ಮೊದಲು ಘಾಟಿ ನೋಡಿ, ಆಮೇಲೆ ಟಿಕೆಟ್

ಆಲ್ಪ್ಸ್ ಸುತ್ತಬೇಕು ಅನ್ನಿಸಿದ ಕೂಡಲೇ ಬಹುತೇಕರು ವಿಮಾನದ ಟಿಕೆಟ್ ಹುಡುಕುತ್ತಾರೆ. ಅದಕ್ಕೂ ಮೊದಲು ನೋಡಬೇಕಾದ್ದು ಘಾಟಿಗಳ ಕ್ಯಾಲೆಂಡರ್. ಇಟಲಿಯ ಸ್ಟೆಲ್ವಿಯೊ ಘಾಟಿ 2,757 ಮೀಟರ್ ಎತ್ತರದಲ್ಲಿದೆ; ಚಳಿಗಾಲವಿಡೀ ಹಿಮ ಬಿದ್ದು ಮುಚ್ಚಿರುತ್ತದೆ, ಮೇ ಕೊನೆಗೋ ಜೂನ್‌ನಲ್ಲೋ ತೆರೆಯುತ್ತದೆ. ನಮ್ಮ ಮಕ್ಕಳ ಏಪ್ರಿಲ್ ರಜೆಗೆ ಹೋದರೆ ಅದು ಸಿಗುವುದಿಲ್ಲ. ನನ್ನ ಮತ ಸೆಪ್ಟೆಂಬರ್‌ಗೆ: ದಾರಿ ತೆರೆದಿರುತ್ತದೆ, ಆಗಸ್ಟ್‌ನ ನೂಕುನುಗ್ಗಲು ಇರುವುದಿಲ್ಲ.

ದಾರಿ ಗೊತ್ತುಮಾಡಿ

ಹೊರಟ ಊರಿಗೇ ಮರಳುವಂತೆ ಸುತ್ತು ಹಾಕಿ. ಬೇರೆ ದೇಶದಲ್ಲಿ ಕಾರು ಬಿಟ್ಟರೆ ಬಾಡಿಗೆಯ ಮೇಲೆ ಭಾರೀ ಶುಲ್ಕ ಬೀಳುತ್ತದೆ. ಜರ್ಮನಿಯ ಮ್ಯೂನಿಕ್‌ನಿಂದ ಆಸ್ಟ್ರಿಯದ ಇನ್ಸ್‌ಬ್ರುಕ್, ಬ್ರೆನ್ನರ್ ಘಾಟಿ ದಾಟಿ ಇಟಲಿಯ ಬೊಲ್ಜಾನೊ, ಸ್ಟೆಲ್ವಿಯೊ ಹತ್ತಿ ಉಂಬ್ರೈಲ್ ಘಾಟಿಯ ಮೂಲಕ ಸ್ವಿಟ್ಜರ್ಲೆಂಡಿಗೆ ಇಳಿದು, ದಾವೋಸ್, ಲಿಕ್ಟನ್‌ಸ್ಟೈನ್, ಬ್ರೆಗೆಂಜ್ ಹಾದು ಮತ್ತೆ ಮ್ಯೂನಿಕ್. ಒಂದೇ ಸುತ್ತಿನಲ್ಲಿ ಐದು ದೇಶ! ಕಿಲೋಮೀಟರ್ ಲೆಕ್ಕ ಮಾತ್ರ ಇಲ್ಲಿ ಕೆಲಸಕ್ಕೆ ಬಾರದು. ಸ್ಟೆಲ್ವಿಯೊ ಬುಡದ ಪ್ರಾಡ್ ಊರಿನಿಂದ ತುದಿಗೆ ಸುಮಾರು 25 ಕಿ.ಮೀ., ಆದರೆ 48 ಹೇರ್‌ಪಿನ್ ತಿರುವು. ಅದಕ್ಕೇ ಒಂದು ಗಂಟೆ ಇಟ್ಟುಕೊಳ್ಳಿ. ದಿನಕ್ಕೊಂದು ದೊಡ್ಡ ಘಾಟಿ ಸಾಕು. ಬೊಲ್ಜಾನೊದಲ್ಲಿ ಒಂದು ರಾತ್ರಿ ಹೆಚ್ಚೇ ಉಳಿಯಿರಿ. 1991ರಲ್ಲಿ ಹಿಮನದಿಯಲ್ಲಿ ಸಿಕ್ಕ ಐದು ಸಾವಿರ ವರ್ಷಕ್ಕೂ ಹಳೆಯ ಮನುಷ್ಯ 'ಓಟ್ಜಿ' ಅಲ್ಲಿನ ಮ್ಯೂಸಿಯಂನಲ್ಲಿದ್ದಾನೆ.

ಕಾಗದಪತ್ರ

ಈ ಐದೂ ದೇಶಕ್ಕೆ ಷೆಂಗೆನ್ ವೀಸಾ ಒಂದೇ. ಹೆಚ್ಚು ರಾತ್ರಿ ಉಳಿಯುವ ದೇಶಕ್ಕೆ ಅರ್ಜಿ ಹಾಕಬೇಕು. ರಾತ್ರಿಗಳು ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ನಮ್ಮ ಡಿಎಲ್ ಜೊತೆಗೆ ಆರ್‌ಟಿಒ ಕೊಡುವ ಅಂತಾರಾಷ್ಟ್ರೀಯ ಪರವಾನಗಿ, ಅಂದರೆ ಐಡಿಪಿ ಬೇಕು. ಅದರ ಅವಧಿ ಒಂದು ವರ್ಷ. ಕಾರು ಕಾಯ್ದಿರಿಸುವಾಗ ಹೋಗುವ ದೇಶಗಳ ಹೆಸರನ್ನೆಲ್ಲ ಹೇಳಿ ಒಪ್ಪಿಗೆ ಬರೆಸಿಕೊಳ್ಳಿ, ಇಲ್ಲದಿದ್ದರೆ ಗಡಿಯಾಚೆ ವಿಮೆ ಕೈಕೊಡಬಹುದು. ಆಟೊಮ್ಯಾಟಿಕ್ ಬೇಕೆಂದರೆ ಬೇಗ ಕೇಳಿ.

ಟೋಲ್

ಹೊಸಬರು ದಂಡ ಕಟ್ಟುವುದು ಇಲ್ಲೇ. ಜರ್ಮನಿಯಲ್ಲಿ ಕಾರಿಗೆ ಹೆದ್ದಾರಿ ಟೋಲ್ ಇಲ್ಲ. ಆಸ್ಟ್ರಿಯದ ಹೆದ್ದಾರಿಗೆ 'ವಿನ್ಯೆಟ್', ಅಂದರೆ ಇಂತಿಷ್ಟು ಅವಧಿಗೆ ಮೊದಲೇ ಕೊಳ್ಳುವ ಟೋಲ್ ಪಾಸ್ ಬೇಕು. ಹತ್ತು ದಿನದ್ದು ಸಿಗುತ್ತದೆ, ಆನ್‌ಲೈನಲ್ಲೇ ಕೊಳ್ಳಬಹುದು. ಇನ್ಸ್‌ಬ್ರುಕ್‌ನಿಂದ ಬ್ರೆನ್ನರ್‌ವರೆಗಿನ ಎ13 ಹೆದ್ದಾರಿಗೆ ಅದು ನಡೆಯದು, ಅಲ್ಲಿ ಟೋಲ್ ಬೇರೆ. ಇಟಲಿಯಲ್ಲಿ ಹತ್ತುವಾಗ ಚೀಟಿ ತೆಗೆದುಕೊಂಡು ಇಳಿಯುವಾಗ ದೂರಕ್ಕೆ ತಕ್ಕಂತೆ ಹಣ ಕೊಡಬೇಕು. ಟೆಲಿಪಾಸ್ ಅಂದರೆ ಅಲ್ಲಿನ ಫಾಸ್ಟ್ಯಾಗ್. ನಿಮ್ಮ ಕಾರಿನಲ್ಲಿ ಆ ಸಾಧನ ಇಲ್ಲದಿದ್ದರೆ ಅದಕ್ಕೇ ಮೀಸಲಾದ ಹಳದಿ ಲೇನಿಗೆ ನುಗ್ಗಬೇಡಿ. ಸ್ವಿಟ್ಜರ್ಲೆಂಡಿನಲ್ಲಿ ಇರುವುದು ವಾರ್ಷಿಕ ವಿನ್ಯೆಟ್ ಮಾತ್ರ, 40 ಫ್ರಾಂಕ್. ಅದಿಲ್ಲದೆ ಹೆದ್ದಾರಿ ಹತ್ತಿ ಸಿಕ್ಕಿಬಿದ್ದರೆ 200 ಫ್ರಾಂಕ್ ದಂಡ, ಮೇಲೆ ವಿನ್ಯೆಟ್ ದುಡ್ಡು. ದಾವೋಸ್ ಕಡೆಯಿಂದ ಮಾಯೆನ್‌ಫೆಲ್ಡ್ ಮೂಲಕ ಒಳದಾರಿಯಲ್ಲೇ ಲಿಕ್ಟನ್‌ಸ್ಟೈನ್ ಸೇರಬಹುದು, ಆದರೆ ಮ್ಯಾಪ್ ನಿಮ್ಮನ್ನು ಹೆದ್ದಾರಿಗೇ ಎಳೆಯುತ್ತದೆ. ನೆಮ್ಮದಿಗಾಗಿ ನಾನಾದರೆ 40 ಫ್ರಾಂಕ್ ಕೊಡುವೆ.

ಫಲಕದ ಬಣ್ಣವೂ ಗಡಿ ದಾಟಿದರೆ ಬದಲು. ಜರ್ಮನಿ, ಆಸ್ಟ್ರಿಯದಲ್ಲಿ ಹೆದ್ದಾರಿಯ ಫಲಕ ನೀಲಿ. ಇಟಲಿ, ಸ್ವಿಟ್ಜರ್ಲೆಂಡಿನಲ್ಲಿ ಹಸಿರು.

ಘಾಟಿಯ ಮೇಲೆ

ಸ್ಟೆಲ್ವಿಯೊದ ತಿರುವುಗಳಿಗೆ ಒಂದೊಂದಕ್ಕೂ ನಂಬರ್ ಇದೆ. ಪ್ರಾಡ್ ಕಡೆಯಿಂದ ಹತ್ತುವಾಗ 48ರಿಂದ ಇಳಿಯುತ್ತಾ ಬರುತ್ತದೆ. ತಿರುವಿನ ಮುನ್ನ ತಲೆಯೆತ್ತಿ ಮೇಲಿನ ರಸ್ತೆ ನೋಡಿ, ಬಸ್ಸೋ ಬೈಕ್ ಗುಂಪೋ ಬರುತ್ತಿದ್ದರೆ ಕೆಳಗೇ ನಿಲ್ಲಿ. ಬೆಳಿಗ್ಗೆ ಬೇಗ ಹತ್ತಿದರೆ ಈ ಕಷ್ಟವೇ ಕಡಿಮೆ. ಇಳಿಯುವಾಗ ಎರಡನೇ ಗೇರಿನಲ್ಲೇ ಇರಿ, ಬ್ರೇಕ್ ಒತ್ತಿಹಿಡಿದು ಇಳಿದರೆ ಅದು ಕಾದು ಹಿಡಿತ ಬಿಡುತ್ತದೆ. ಇಕ್ಕಟ್ಟಿನಲ್ಲಿ ಎದುರುಬದುರಾದರೆ ಏರುವವರಿಗೆ ಇಳಿಯುವವರು ದಾರಿ ಬಿಡಬೇಕು. ಸ್ವಿಸ್ ಕಡೆ ನೀಲಿ ಫಲಕದ ಮೇಲೆ ಹಳದಿ ಕಹಳೆ ಕಂಡರೆ ಅದು ಅಂಚೆ ಬಸ್ಸಿನ ದಾರಿ. ಕುರುಡು ತಿರುವಿನಾಚೆಯಿಂದ ಮೂರು ಸ್ವರದ ಹಾರ್ನ್ ಕೇಳಿದೊಡನೆ ನಿಲ್ಲಿ, ಚಾಲಕ ಹಿಂದೆ ಸರಿಯಿರಿ ಅಂದರೆ ಸರಿಯಲೇಬೇಕು.

ಇಟಲಿಯ ಹಳೇ ಊರುಗಳಲ್ಲಿ 'ಜೆಡ್‌ಟಿಎಲ್' (ZTL), ಅಂದರೆ ವಾಹನ ಸಂಚಾರ ನಿರ್ಬಂಧಿಸಿದ ವಲಯ ಎಂಬ ಕೆಂಪು ವೃತ್ತದ ಫಲಕ ದಾಟಿದರೆ ಕ್ಯಾಮೆರಾ ಹಿಡಿಯುತ್ತದೆ, ದಂಡದ ಪತ್ರ ತಿಂಗಳುಗಳ ನಂತರ ಮನೆಗೆ ಬರಬಹುದು. ಕಾರನ್ನು ಹೊರಗೇ ನಿಲ್ಲಿಸಿ ನಡೆಯಿರಿ.

ಹೊರಡುವ ದಿನ ಬೆಳಿಗ್ಗೆ ಘಾಟಿ ತೆರೆದಿದೆಯೇ ಎಂದು ಮತ್ತೊಮ್ಮೆ ನೋಡಿ. ಸೆಪ್ಟೆಂಬರ್‌ನಲ್ಲೂ ಹಿಮ ಬೀಳುವುದುಂಟು. ಸ್ಟೆಲ್ವಿಯೊ ಮುಚ್ಚಿದ್ದರೆ ಪ್ರಾಡ್‌ನಿಂದ ಗ್ಲುರ್ನ್ಸ್, ಟೌಫರ್ಸ್ ಮೂಲಕ ಕೆಳಗಿನ ದಾರಿಯಲ್ಲೇ ಸ್ವಿಟ್ಜರ್ಲೆಂಡಿನ ಮ್ಯೂಸ್ಟೈರ್ ಕಣಿವೆ ಸೇರಬಹುದು, ಅವತ್ತಿನ ಹೋಟೆಲ್ ಬುಕಿಂಗ್ ಬದಲಿಸಬೇಕಿಲ್ಲ.