ಒಗರು ಸೊಪ್ಪು ಮತ್ತು ಜಂತುಹುಳದ ಔಷಧ: ಒಟ್ಟಿಗೆ ಕೊಟ್ಟು ಕಲಿತದ್ದು

ಕುರಿಗಳಿಗೆ ಜಂತುಹುಳದ ಔಷಧ ಐವರ್‌ಮೆಕ್ಟಿನ್ ಕುಡಿಸಿ 14 ದಿನ ಆಗಿತ್ತು. ಹಿಕ್ಕೆ ತಂದು, ಉಪ್ಪುನೀರಿನಲ್ಲಿ ಕದಡಿ, ಸೋಸಿ, ಎಣಿಕೆ ಗಾಜಿಗೆ ಹಾಕಿ ಮೈಕ್ರೋಸ್ಕೋಪ್ ಕೆಳಗಿಟ್ಟೆ. ಒಂದೇ ಕುರಿಯ ಹಿಕ್ಕೆಯಲ್ಲಿ ಹುಳುವಿನ 62 ಮೊಟ್ಟೆ. ಆ ಗಾಜಿನ ಲೆಕ್ಕದಲ್ಲಿ 50ರಿಂದ ಗುಣಿಸಬೇಕು, ಅಂದರೆ ಗ್ರಾಮಿಗೆ 3,100. ಔಷಧ ನಾಟಿದ್ದರೆ ಮೊಟ್ಟೆ ಶೇ. 95ರಷ್ಟಾದರೂ ಇಳಿಯಬೇಕಿತ್ತು. ಹಿಂಡಿನಲ್ಲಿ ಅರ್ಧವೂ ಇಳಿದಿರಲಿಲ್ಲ.

ಹುಳು ಹೀಮಾಂಕಸ್. ಕುರಿ, ಮೇಕೆಗಳ ನಾಲ್ಕನೇ ಹೊಟ್ಟೆಯಲ್ಲಿದ್ದು ರಕ್ತ ಹೀರುತ್ತದೆ. ಒಂದು ಹೆಣ್ಣು ಹುಳು ದಿನಕ್ಕೆ 5,000ಕ್ಕೂ ಜಾಸ್ತಿ ಮೊಟ್ಟೆ ಇಡಬಲ್ಲದು. ಆ ದಿನ ಎರಡು ಮರಿಗಳ ಕೆಳರೆಪ್ಪೆ ಎಳೆದು ನೋಡಿದೆ. ಒಳಗೆ ಕೆಂಪೇ ಇರಲಿಲ್ಲ. ಗದ್ದದ ಕೆಳಗೆ ನೀರು ತುಂಬಿ ಜೋತುಬಿದ್ದಿತ್ತು. ಮೇವಿನ ಮುಂದೆಯೇ ನಿಂತಿದ್ದವು, ಬಾಯಿ ಹಾಕುತ್ತಿರಲಿಲ್ಲ. ತುಂಬಾ ಸಂಕಟವಾಯಿತು.

ಒಗರು ಸೊಪ್ಪಿನ ವಿಷಯ ಮೊದಲೇ ಗೊತ್ತಿತ್ತು. ಆ ಒಗರು ಟ್ಯಾನಿನ್‌ನದು. ಅದು ಹುಳುವಿನ ಮೊಟ್ಟೆ ಇಡುವ ಶಕ್ತಿ ಕುಗ್ಗಿಸುತ್ತದೆ, ಮೇವಿನ ಜೊತೆ ಒಳಗೆ ಹೋದ ಲಾರ್ವಾ ಪೊರೆ ಕಳಚುವುದನ್ನೂ ತಡೆಯುತ್ತದೆ. ಸೊಪ್ಪು ಒಂದು ಕಡೆ, ಔಷಧ ಒಂದು ಕಡೆ, ಎರಡೂ ಸೇರಿ ಹುಳು ಹೊಡೆಯುತ್ತವೆ ಅಂದುಕೊಂಡೆ. ಹಿಂಡನ್ನು ಎರಡು ಪಾಲು ಮಾಡಿದೆ. ಒಂದಕ್ಕೆ ಬರೀ ಔಷಧ. ಇನ್ನೊಂದಕ್ಕೆ ಜಾಲಿ ಸೊಪ್ಪು ತಿನ್ನಿಸುತ್ತಲೇ ಔಷಧ.

ಎರಡು ವಾರದ ನಂತರ ಎಣಿಸಿದರೆ, ಸೊಪ್ಪು ತಿಂದ ಪಾಲಿನಲ್ಲೇ ಮೊಟ್ಟೆ ಜಾಸ್ತಿ! ಮತ್ತೆ ಎಣಿಸಿದೆ. ಅದೇ ಲೆಕ್ಕ. ಸೇನ್‌ಫಾಯಿನ್ ಎಂಬ ಒಗರು ಮೇವು ತಿಂದ ಕುರಿಮರಿಗಳ ರಕ್ತದಲ್ಲಿ ಐವರ್‌ಮೆಕ್ಟಿನ್ ಕಡಿಮೆಯಾಗುತ್ತದೆ, ಔಷಧದ ಕೆಲಸವೂ ಕುಂದುತ್ತದೆ ಎಂದು ಆಮೇಲೆ ಓದಿದೆ. ನನ್ನ ಹಿಂಡಿನಲ್ಲೂ ಆದದ್ದು ಇದೇ ಇರಬೇಕು.

ಇದಕ್ಕೆ ಉಲ್ಟಾ, ಔಷಧದ ಬಲ ಹೆಚ್ಚಿಸಬಲ್ಲ ಸಸ್ಯಾಂಶಗಳೂ ಇವೆ. ಔಷಧಕ್ಕೆ ಬಗ್ಗದ ಹುಳುಗಳು ಪಿ-ಗ್ಲೈಕೋಪ್ರೋಟೀನ್ ಎಂಬ ಪಂಪಿನಿಂದ ಐವರ್‌ಮೆಕ್ಟಿನ್ ಅನ್ನು ಹೊರಗೆ ತಳ್ಳುತ್ತವೆ. ಈರುಳ್ಳಿಯ ಕ್ವರ್ಸೆಟಿನ್, ಕರಿಮೆಣಸಿನ ಪೈಪರಿನ್ ಅಂಥ ಪಂಪನ್ನು ತಡೆಯಬಲ್ಲವು. ಕೇಳಲು ಚೆನ್ನಾಗಿದೆ, ಆದರೆ ಅದೇ ಪಂಪ್ ಪ್ರಾಣಿಯ ಮೆದುಳನ್ನೂ ಕಾಯುತ್ತದೆ ಅಲ್ವಾ? ಕೋಲಿ ತಳಿಯ ಎಷ್ಟೋ ನಾಯಿಗಳಲ್ಲಿ ಹುಟ್ಟಿನಿಂದಲೇ ಆ ಪಂಪ್ ಕೆಟ್ಟಿರುತ್ತದೆ. ಅವುಗಳಿಗೆ ಐವರ್‌ಮೆಕ್ಟಿನ್ ಸ್ವಲ್ಪ ಹೆಚ್ಚಾದರೂ ತೂರಾಡಿ ಬೀಳುತ್ತವೆ, ಸಾಯುವುದೂ ಉಂಟು. ಔಷಧ ಮೈಯಲ್ಲಿ ಜಾಸ್ತಿ ದಿನ ಉಳಿದರೆ ಹಾಲು, ಮಾಂಸ ಬಳಸದೆ ಬಿಡಬೇಕಾದ ದಿನಗಳ ಲೆಕ್ಕವೂ ತಪ್ಪುತ್ತದೆ. ಸುಮ್ನೆ ಅಂದಾಜಿನ ಮೇಲೆ ಹಿಂಡಿಗೆ ಬೆರೆಸಿ ಕುಡಿಸುವ ವಸ್ತುವಲ್ಲ ಇದು. ನಾನಂತೂ ಕೈ ಹಾಕಿಲ್ಲ.

ಈಗ ಸೊಪ್ಪು ಬೇರೆ, ಔಷಧ ಬೇರೆ. ಹುಳು ಏರುವ ಮಳೆಗಾಲದಲ್ಲಿ ಕೆಲವು ವಾರ ಒಗರು ಸೊಪ್ಪು ಕೊಡುತ್ತೇನೆ, ಹುಲ್ಲಿಗೆ ಬೀಳುವ ಮೊಟ್ಟೆ ಕಡಿಮೆಯಾಗಲಿ ಅಂತ. ಹೊಟ್ಟೆ ತುಂಬಾ ಅಲ್ಲ, ಒಗರು ಅತಿಯಾದರೆ ಕುರಿ ಮೇವನ್ನೇ ಬಿಡುತ್ತದೆ. ಔಷಧ ಕೊಡುವ ಮುಂಚೆ ಸೊಪ್ಪು ನಿಲ್ಲಿಸುತ್ತೇನೆ. ರೆಪ್ಪೆ ಬಿಳಿಚಿದವಕ್ಕೆ ಮಾತ್ರ, ಒಂದೊಂದನ್ನೂ ತೂಗಿ, ಲೆವಾಮಿಸೋಲ್ ಎಂಬ ಬೇರೆ ಜಂತುಹುಳದ ಔಷಧ ಕುಡಿಸುತ್ತೇನೆ. ಈ ಹಿಂಡಿನಲ್ಲಿ ಅದು ಇನ್ನೂ ನಾಟುತ್ತಿದೆ, ಏಳು ದಿನಕ್ಕೆ ಹಿಕ್ಕೆ ಎಣಿಸಿ ಖಚಿತ ಮಾಡಿಕೊಂಡಿದ್ದೇನೆ. ಸೊಪ್ಪಿನ ದಿನಗಳಲ್ಲಿ ಮಾತ್ರ ಬರೀ ಎಣಿಕೆ ನಂಬುವುದಿಲ್ಲ. ಹುಳು ಬದುಕಿದ್ದೂ ಮೊಟ್ಟೆ ಇಡದೆ ಇರಬಹುದು. ಹಾಗಾಗಿ ವಾರಕ್ಕೊಮ್ಮೆ ಬೆಳಕಿನಲ್ಲಿ ನಿಲ್ಲಿಸಿ ಎಲ್ಲವುಗಳ ರೆಪ್ಪೆ ಎಳೆದು ನೋಡುತ್ತೇನೆ.