ಆಸ್ಟ್ರೇಲಿಯಾದ ಹೊಸ ಬ್ಯಾಂಡ್ ಬೇಕೇ? ಪೋಸ್ಟರಿನ ಸಣ್ಣ ಅಕ್ಷರ ಓದಿ

ಮ್ಯೂಸಿಕ್ ಆ್ಯಪ್ ತೆರೆದು ‘ಆಸ್ಟ್ರೇಲಿಯನ್ ಇಂಡಿ’ ಎಂದು ಟೈಪ್ ಮಾಡಿ, ಬಂದದ್ದನ್ನೇ ಕೇಳಿ ಸುಮ್ಮನಾಗುವವರನ್ನು ನೋಡಿ ನೋಡಿ ಸಾಕಾಗಿದೆ. ಇಂಡಿ ಅಂದರೆ ದೊಡ್ಡ ಕಂಪನಿಗಳ ಹಂಗಿಲ್ಲದ ಸ್ವತಂತ್ರ ಸಂಗೀತ. ಅಲ್ಲಿ ಬರುವುದು ಟೇಮ್ ಇಂಪಾಲಾ, ಕೋರ್ಟ್ನಿ ಬಾರ್ನೆಟ್, ಕಿಂಗ್ ಗಿಝರ್ಡ್. ಎಲ್ಲರೂ ಚೆನ್ನಾಗಿಯೇ ಹಾಡುತ್ತಾರೆ. ಆದರೆ ಹತ್ತು ವರ್ಷಕ್ಕೂ ಮೇಲ್ಪಟ್ಟು ಊರೂರು ಸುತ್ತಿರುವವರು ಹೊಸಬರು ಹೇಗಾಗುತ್ತಾರೆ? ಆ್ಯಪ್ ಮುಂದೆ ತಳ್ಳುವುದು ಜಾಸ್ತಿ ಜನ ಈಗಾಗಲೇ ಕೇಳಿದ್ದನ್ನು. ಬ್ರಿಸ್ಬೇನ್‌ನ ಯಾವುದೋ ಗ್ಯಾರೇಜಿನಲ್ಲಿ ಹೋದ ತಿಂಗಳು ರೆಕಾರ್ಡ್ ಆದ ಹಾಡು ಬೇಕಿದ್ದರೆ ಆ್ಯಪ್ ಬಿಟ್ಟು ಮನುಷ್ಯರ ಬೆನ್ನು ಹಿಡಿಯಬೇಕು.

ಹಂತ 1: ರೇಡಿಯೊದಿಂದ ಶುರು ಮಾಡಿ

ಟ್ರಿಪಲ್ ಜೆ ಹೆಸರು ಕೇಳಿರುತ್ತೀರಿ. ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎಬಿಸಿಯ ಯುವಜನರ ಸ್ಟೇಷನ್ ಇದು. 1975ರಲ್ಲಿ ಸಿಡ್ನಿಯಲ್ಲಿ ಹುಟ್ಟಿತು. ಇದರ ‘ಅನ್‌ಅರ್ಥ್ಡ್’ ವಿಭಾಗ 1995ರಿಂದ ಹೊಸಬರನ್ನು ಹುಡುಕುತ್ತಿದೆ. ಲಿಸ್ಮೋರ್‌ನ ಗ್ರಿನ್‌ಸ್ಪೂನ್ ಬ್ಯಾಂಡ್ ಬೆಳಕಿಗೆ ಬಂದದ್ದು ಹೀಗೆಯೇ. ಈಗ ಬ್ಯಾಂಡ್‌ಗಳೇ ಹಾಡನ್ನು ಅದರ ವೆಬ್‌ಸೈಟಿಗೆ ಹಾಕುತ್ತವೆ, ನಾವು ಕೇಳಬಹುದು.

ಅಲ್ಲಿಗೇ ನಿಲ್ಲಬೇಡಿ. ನನ್ನ ಓಟು ಸಮುದಾಯ ರೇಡಿಯೊಗಳಿಗೆ. ಬ್ರಿಸ್ಬೇನ್‌ನ 4ಝಡ್‌ಝಡ್‌ಝಡ್ (1975), ಮೆಲ್ಬರ್ನ್‌ನ ಟ್ರಿಪಲ್ ಆರ್ (1976) ಮತ್ತು ಪಿಬಿಎಸ್ (1979), ಸಿಡ್ನಿಯ ಎಫ್‌ಬಿಐ (2003), ಪರ್ತ್‌ನ ಆರ್‌ಟಿಆರ್. ಇವು ನಡೆಯುವುದೇ ಕೇಳುಗರ ಚಂದಾ ಮತ್ತು ಸ್ವಯಂಸೇವಕರಿಂದ. ನಿರೂಪಕರು ತಮಗೆ ಇಷ್ಟವಾದದ್ದನ್ನು ಹಾಕುತ್ತಾರೆ, ಯಾಕೆ ಇಷ್ಟ ಅಂತ ಹೇಳುತ್ತಾರೆ ಕೂಡ.

ನೇರಪ್ರಸಾರ ಕೇಳುವ ಹಟ ಬೇಡ. ಮೆಲ್ಬರ್ನ್ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಮುಂದೆ, ಅಲ್ಲಿನ ಬೇಸಿಗೆಯಲ್ಲಿ ಐದೂವರೆ. ಅವರ ಬೆಳಗಿನ ಕಾರ್ಯಕ್ರಮ ನಮಗೆ ನಟ್ಟಿರುಳು. ಸ್ಟೇಷನ್ ವೆಬ್‌ಸೈಟಿನಲ್ಲಿ ಹಳೆಯ ಕಂತುಗಳೂ ಹಾಡುಗಳ ಪಟ್ಟಿಯೂ ಸಿಗುತ್ತವೆ.

ಇನ್ನೊಂದು ಮಾತು. ಟ್ರಿಪಲ್ ಜೆಯ ‘ಹಾಟೆಸ್ಟ್ 100’ ಪಟ್ಟಿಯನ್ನು ಹೊಸಬರನ್ನು ಹುಡುಕುವ ಸುಲಭದ ದಾರಿ ಅಂದುಕೊಳ್ಳಬೇಡಿ. ಅದು ಕೇಳುಗರ ಓಟಿನ ಪಟ್ಟಿ, ಜನಪ್ರಿಯರದೇ ಮೇಲುಗೈ. ಯೂಟ್ಯೂಬಿನ ‘ನೀವು ಕೇಳಲೇಬೇಕಾದ ಹತ್ತು ಬ್ಯಾಂಡ್’ ವಿಡಿಯೊಗಳಂತೂ ಒಂದನ್ನೊಂದು ನಕಲು ಮಾಡಿದವು. ಹಾಡು ಸೇರಿಸಲು ಬ್ಯಾಂಡ್‌ನಿಂದಲೇ ದುಡ್ಡು ಕೀಳುವ ಪ್ಲೇಲಿಸ್ಟ್‌ಗಳೂ ಇವೆ. ಆ ಕಡೆ ತಲೆ ಹಾಕಲೇಬೇಡಿ.

ಹಂತ 2: ಒಂದು ಊರು, ಒಂದು ಕಾರ್ಯಕ್ರಮ

ಒಂದನ್ನೇ ಆರಿಸಿ, ಕೆಲವು ವಾರ ಕೇಳಿ, ಇಷ್ಟವಾದ ಒಂದು ಬ್ಯಾಂಡ್ ಹೆಸರು ಬರೆದಿಟ್ಟುಕೊಳ್ಳಿ. ಅಷ್ಟೇ.

ಹಂತ 3: ಒಂದು ಬ್ಯಾಂಡ್‌ನಿಂದ ಇನ್ನೊಂದಕ್ಕೆ

ಎಲ್ಲರೂ ಎಡವುವುದು ಇಲ್ಲೇ. ಒಂದು ಬ್ಯಾಂಡ್ ಸಿಕ್ಕ ಖುಷಿಗೆ ಅದನ್ನೇ ತಿಂಗಳುಗಟ್ಟಲೆ ಕೇಳುತ್ತಾರೆ. ಆಮೇಲೆ ‘ಬೇರೇನೂ ಸಿಗಲಿಲ್ಲ’ ಅನ್ನುತ್ತಾರೆ.

ಮೊದಲು ಆ ಬ್ಯಾಂಡ್ ಮುಂದೆ ಎಲ್ಲಿ ನುಡಿಸುತ್ತದೆ ನೋಡಿ. ಮೆಲ್ಬರ್ನ್ ಆದರೆ ಕಾಲಿಂಗ್‌ವುಡ್‌ನ ದಿ ಟೋಟ್ ಪಬ್ ಅಥವಾ ನಾರ್ತ್‌ಕೋಟ್ ಸೋಷಿಯಲ್ ಕ್ಲಬ್, ಪರ್ತ್ ಕಡೆಯಾದರೆ ಫ್ರೀಮ್ಯಾಂಟಲ್‌ನ ಮೋಜೋಸ್ ಇರಬಹುದು. ಟೋಟ್ ಅಂದರೆ ಅಲ್ಲಿನವರಿಗೆ ಪ್ರಾಣ. 2010ರಲ್ಲಿ ಲೈಸೆನ್ಸ್ ನಿಯಮಗಳ ಕಾಟಕ್ಕೆ ಅದಕ್ಕೆ ಬೀಗ ಬಿದ್ದಾಗ ಸಾವಿರಾರು ಜನ ಬೀದಿಗಿಳಿದಿದ್ದರು. ಇಂಥ ಪಬ್‌ಗಳ ವೆಬ್‌ಸೈಟಿನಲ್ಲಿ ಪ್ರತಿ ರಾತ್ರಿಯ ಪೋಸ್ಟರ್ ಇರುತ್ತದೆ. ಮೇಲೆ ದಪ್ಪಕ್ಷರದಲ್ಲಿ ಒಂದು ಹೆಸರು, ಕೆಳಗೆ ಸಣ್ಣಕ್ಷರದಲ್ಲಿ ಎರಡು ಮೂರು. ತೀರಾ ಕೆಳಗಿನವರು ಸಾಮಾನ್ಯವಾಗಿ ಎಲ್ಲರಿಗಿಂತ ಮೊದಲು, ಅರ್ಧ ಖಾಲಿ ಹಾಲ್‌ನಲ್ಲಿ ನುಡಿಸುತ್ತಾರೆ. ಯಕ್ಷಗಾನದ ಪೂರ್ವರಂಗದಲ್ಲಿ ಬಾಲಗೋಪಾಲರು ಕುಣಿಯುತ್ತಾರಲ್ಲ, ಹಾಗೆ. ನಿಮಗೆ ಬೇಕಾದದ್ದು ಆ ಕೆಳಗಿನ ಹೆಸರು. ಅವರನ್ನು ಕರೆದವರು ಬಹಳ ಸಲ ಮೇಲಿನ ಬ್ಯಾಂಡ್‌ನವರೇ. ನಿಮಗೆ ಇಷ್ಟವಾದ ಬ್ಯಾಂಡ್‌ಗೆ ಯಾರು ಇಷ್ಟ ಅನ್ನುವುದು ಅಲ್ಲೇ ತಿಳಿಯುತ್ತದೆ.

ಆ ಹೆಸರು ಹಿಡಿದು ಬ್ಯಾಂಡ್‌ಕ್ಯಾಂಪ್‌ಗೆ ಹೋಗಿ, ಬ್ಯಾಂಡ್‌ಗಳು ಹಾಡನ್ನು ನೇರವಾಗಿ ಮಾರುವ ವೆಬ್‌ಸೈಟ್ ಅದು. ಆಲ್ಬಮ್ ಪುಟದಲ್ಲಿ ಪ್ಲೇ ಒತ್ತಿ, ಕೈ ಅಲ್ಲಿಗೇ ನಿಲ್ಲಿಸಬೇಡಿ. ಹಾಡುಗಳ ಪಟ್ಟಿಯ ಕೆಳಕ್ಕೆ ಇಳಿಯಿರಿ. ಯಾರು ನುಡಿಸಿದರು, ಯಾರು ರೆಕಾರ್ಡ್ ಮಾಡಿದರು, ಯಾರು ಮಾಸ್ಟರ್ ಮಾಡಿದರು (ಬಿಡುಗಡೆಗೆ ಮುನ್ನ ಧ್ವನಿಯನ್ನು ಕೊನೆಯದಾಗಿ ಹದಗೊಳಿಸಿದರು) ಅಂತ ಸಣ್ಣಕ್ಷರದಲ್ಲಿ ಇರುತ್ತದೆ. ಆ ಊರುಗಳಲ್ಲಿ ಒಬ್ಬ ಡ್ರಮ್ಮರ್ ನಾಲ್ಕು ಬ್ಯಾಂಡ್‌ನಲ್ಲಿ ಇರುವುದು ಮಾಮೂಲು. ಹೆಸರು ಹುಡುಕಿದರೆ ಉಳಿದ ಮೂರು ಸಿಕ್ಕವು. ಆದರೆ ಮಾಸ್ಟರಿಂಗ್ ಜಾಗದಲ್ಲಿ ಮೈಕಿ ಯಂಗ್ ಅಂತ ಇದ್ದರೆ ಕುಣಿದಾಡಬೇಡಿ. ಎಡ್ಡಿ ಕರೆಂಟ್ ಸಪ್ರೆಷನ್ ರಿಂಗ್ ಬ್ಯಾಂಡ್‌ನ ಆ ಗಿಟಾರಿಸ್ಟ್ ಅಲ್ಲಿನ ಎಷ್ಟೋ ರೆಕಾರ್ಡ್‌ಗಳನ್ನು ಮಾಸ್ಟರ್ ಮಾಡಿದ್ದಾರೆ, ಅದರಿಂದ ಸುಳಿವೇನೂ ಸಿಗದು.

ಅದೇ ಪುಟದಲ್ಲಿ ಆಲ್ಬಮ್ ಕೊಂಡವರ ಪುಟ್ಟ ಚಿತ್ರಗಳಿವೆ. ಒಂದನ್ನು ಒತ್ತಿದರೆ ಅವರು ಇನ್ನೇನು ಕೊಂಡಿದ್ದಾರೆ ಕಾಣುತ್ತದೆ. ಸಾವಿರಾರು ಆಲ್ಬಮ್ ಗುಡ್ಡೆ ಹಾಕಿದವರನ್ನು ಬಿಡಿ. ನೂರರ ಆಸುಪಾಸಿನಲ್ಲಿ ಕೊಂಡು, ಇಷ್ಟವಾದ ಹಾಡಿನ ಬಗ್ಗೆ ಒಂದು ಸಾಲು ಬರೆದವರನ್ನು ಹಿಡಿಯಿರಿ. ಅಂಥವರ ಪಟ್ಟಿ ಆ್ಯಪ್‌ನ ಸಲಹೆಗಿಂತ ಎಷ್ಟೋ ಮೇಲು.

ಕೊನೆಗೆ ಲೇಬಲ್, ಅಂದರೆ ಆಲ್ಬಮ್ ಬಿಡುಗಡೆ ಮಾಡುವ ಕಂಪನಿ. ಅದರ ಉಳಿದ ಬ್ಯಾಂಡ್‌ಗಳನ್ನೂ ನೋಡಿ. ಮೆಲ್ಬರ್ನ್‌ನ ಪಾಯ್ಸನ್ ಸಿಟಿ, ಜೀಲಾಂಗ್‌ನಲ್ಲಿ ಶುರುವಾದ ಆ್ಯಂಟಿ ಫೇಡ್, 1992ರಲ್ಲಿ ಪರ್ತ್‌ನಲ್ಲಿ ಹುಟ್ಟಿದ ಚಾಪ್ಟರ್ ಮ್ಯೂಸಿಕ್ ಇಂಥವು. ಲೇಬಲ್ ಚಿಕ್ಕದಿದ್ದಷ್ಟೂ ಅದರ ಪಟ್ಟಿಯಲ್ಲಿ ಒಂದೇ ರುಚಿ ಕಾಣುತ್ತದೆ.

ಹಂತ 4: ನಿಜಕ್ಕೂ ಹೊಸದೇ, ಅಲ್ಲಿನದೇ, ಸ್ವತಂತ್ರವೇ?

ಬ್ಯಾಂಡ್‌ಕ್ಯಾಂಪ್‌ನಲ್ಲಿ ಊರಿನ ಟ್ಯಾಗ್ ಹಿಡಿದು ಹುಡುಕುವವರು ಹುಷಾರು. ನ್ಯೂಕ್ಯಾಸಲ್ ಎಂದರೆ ಇಂಗ್ಲೆಂಡಿನದೂ ಬರುತ್ತದೆ, ಪರ್ತ್ ಸ್ಕಾಟ್ಲೆಂಡ್‌ನಲ್ಲೂ ಇದೆ, ಅಮೆರಿಕದ ಫ್ಲಾರಿಡಾದಲ್ಲಿ ಇನ್ನೊಂದು ಮೆಲ್ಬರ್ನ್ ಇದೆ. ಬಿಡುಗಡೆಯ ತಾರೀಕನ್ನೂ ಕಣ್ಣು ಮುಚ್ಚಿ ನಂಬಬೇಡಿ. ಎಂಬತ್ತರ ದಶಕದ ಹಾಡು ಮರುಬಿಡುಗಡೆಯಾಗಿ ಈ ವರ್ಷದ ತಾರೀಕು ಹೊತ್ತು ನಿಂತಿರುತ್ತದೆ. ಕೆಳಗಿನ ವಿವರ ಓದಿದರೆ ಗೊತ್ತಾಗುತ್ತದೆ.

ಸ್ವತಂತ್ರವೋ ಅಲ್ಲವೋ ತಿಳಿಯಲು ಸ್ಪಾಟಿಫೈಯಲ್ಲಿ ಆಲ್ಬಮ್ ಪುಟದ ತಳಕ್ಕೆ ಹೋಗಿ, ವೃತ್ತದೊಳಗಿನ ‘ಪಿ’ ಗುರುತಿನ ಸಾಲು ಓದಿ, ರೆಕಾರ್ಡಿಂಗಿನ ಹಕ್ಕು ಯಾರದು ಅಂತ ಅಲ್ಲಿರುತ್ತದೆ. ಅಲ್ಲಿ ಸೋನಿ, ಯೂನಿವರ್ಸಲ್, ವಾರ್ನರ್ ಇದ್ದರೆ ದೊಡ್ಡ ಕಂಪನಿಯ ಕೈ ಇದೆ ಅಂತಲೇ. ಮುದ್ದಾದ ಪುಟ್ಟ ಲೇಬಲ್ ಹೆಸರಿನ ಪಕ್ಕದಲ್ಲೇ ‘ಅಂಡರ್ ಎಕ್ಸ್‌ಕ್ಲೂಸಿವ್ ಲೈಸೆನ್ಸ್ ಟು’ ಅಂತ ಇವರಲ್ಲೊಬ್ಬರ ಹೆಸರಿದ್ದರೂ ಅದೇ ಕಥೆ. ಹಾಗಂತ ಹಾಡು ಕೆಟ್ಟದೇನಲ್ಲ. ಹುಡುಕಲು ಹೊರಟದ್ದು ಅದನ್ನಲ್ಲ, ಅಷ್ಟೇ.

ಹಂತ 5: ದುಡ್ಡು ಕೊಡಿ

ಬ್ಯಾಂಡ್‌ಕ್ಯಾಂಪ್‌ನಲ್ಲಿ ಡೌನ್‌ಲೋಡ್ ಕೊಂಡರೆ ಕಂಪನಿಯ ಪಾಲು ಸಾಮಾನ್ಯವಾಗಿ ಶೇ 15. ‘ಬ್ಯಾಂಡ್‌ಕ್ಯಾಂಪ್ ಫ್ರೈಡೇ’ ಎಂದು ಸಾರಿದ ಶುಕ್ರವಾರಗಳಲ್ಲಿ ಆ ಪಾಲನ್ನೂ ಬಿಟ್ಟುಕೊಡುತ್ತಾರೆ. 2020ರಲ್ಲಿ ಶುರುವಾದ ಪದ್ಧತಿ ಇದು. ದಿನದ ಲೆಕ್ಕ ಅಮೆರಿಕದ ಪಶ್ಚಿಮ ಕರಾವಳಿಯದು. ನಮಗೆ ಶುಕ್ರವಾರ ಮಧ್ಯಾಹ್ನ ಹನ್ನೆರಡೂವರೆಗೆ, ಅಲ್ಲಿನ ಚಳಿಗಾಲದಲ್ಲಿ ಒಂದೂವರೆಗೆ ಶುರು. ಬೆಳಿಗ್ಗೆಯೇ ಕೊಂಡು ಬಿಡಬೇಡಿ. ಕಾರ್ಡ್ ಕೆಲಸ ಮಾಡದಿದ್ದರೆ ಗಾಬರಿ ಬೇಡ, ಬ್ಯಾಂಕ್ ಆ್ಯಪ್‌ನಲ್ಲಿ ಇಂಟರ್‌ನ್ಯಾಷನಲ್ ವ್ಯವಹಾರ ಆನ್ ಮಾಡಿ, ಕೊಂಡ ಮೇಲೆ ಆಫ್ ಮಾಡಿ.

ಎಲ್‌ಪಿ ರೆಕಾರ್ಡನ್ನು ಅಂಚೆಯಲ್ಲಿ ತರಿಸುವ ಆಸೆ ಬಿಡಿ, ಅಂಚೆ ಖರ್ಚೇ ಜೇಬು ಸುಡುತ್ತದೆ. ಮೆಲ್ಬರ್ನ್‌ನಲ್ಲೋ ಸಿಡ್ನಿಯಲ್ಲೋ ಓದುತ್ತಿರುವ ನೆಂಟರ ಹುಡುಗರಿದ್ದರೆ ಅವರ ವಿಳಾಸಕ್ಕೆ ಕಳಿಸಿ, ಊರಿಗೆ ಬರುವಾಗ ಕೈಚೀಲದಲ್ಲಿ ತರಲು ಹೇಳಿ. ಚೆಕ್‌ಇನ್ ಬ್ಯಾಗಿಗೆ ಮಾತ್ರ ಹಾಕಿಸಬೇಡಿ.